ಒಂದು ಸಂಗತಿಯೂ ಬದಲಾಗಿಲ್ಲ

ಜೂನ್ 12

ಪೂಜ್ಯ ಗುರುಗಳಿಗೆ,

ಇಂದು ಜೂನ್ ಹನ್ನೆರಡನೆಯ ತಾರೀಖು. ಈ ಪತ್ರದ ಉದ್ದೇಶ ಒಂದೇ: ಗಿರಣಿಯ ಐವತ್ತನೆಯ ವರ್ಷದ ಸ್ಮರಣ ಸಂಚಿಕೆಯಲ್ಲಿ ನನ್ನ ಹೆಸರಿನಡಿ ಅಚ್ಚಾಗಿರುವ ಪ್ರಬಂಧ ನಾನು ಬರೆದದ್ದಲ್ಲವೆಂದು ಸಂಪಾದಕರಾದ ನಿಮಗೆ ಲಿಖಿತವಾಗಿ ತಿಳಿಸುವುದು, ಮತ್ತು ನಾನು ಬರೆದದ್ದನ್ನು ಬರೆದಂತೆಯೇ ಅಚ್ಚು ಮಾಡಿಸಬೇಕೆಂದು ಕೇಳುವುದು. ಕುಶಲ ವಿಚಾರಿಸುವ ಮನಃಸ್ಥಿತಿಯಲ್ಲಿ ನಾನಿಲ್ಲ.

ಸಂಚಿಕೆ ನಿನ್ನೆ ಅಂಚೆಯಲ್ಲಿ ಬಂತು. ವಿದ್ಯಾರ್ಥಿನಿಲಯದ ಊಟದ ಕೋಣೆಯಲ್ಲಿ, ಗೆಳತಿಯರ ನಡುವೆ ಕುಳಿತು, ಹೆಮ್ಮೆಯಿಂದಲೇ ಲಕೋಟೆ ಹರಿದೆ. ಎದುರಿಗಿದ್ದವಳು ಪುಸ್ತಕ ಕಸಿದುಕೊಂಡು ಗಟ್ಟಿಯಾಗಿ ಓದತೊಡಗಿದಳು. ಎರಡನೆಯ ವಾಕ್ಯಕ್ಕೇ ಅದು ನನ್ನದಲ್ಲವೆಂದು ತಿಳಿಯಿತು. "ಎಷ್ಟು ಚೆನ್ನಾಗಿ ಬರ್ದಿದೀಯೇ! ನೋಡು, ನಂಗೆ ಅಳುನೇ ಬಂದ್ಬಿಡ್ತು" ಎಂದಳು. ಅವಳನ್ನು ಅಳಿಸುವುದಕ್ಕೆಂದು ನಾನು ಬರೆದಿರಲಿಲ್ಲ. ಓದಿದವರಿಗೆ ಸಿಟ್ಟು ಬರಲಿ ಎಂದು ಬರೆದಿದ್ದೆ.

ನಾನು ಕೊಟ್ಟ ಶೀರ್ಷಿಕೆ 'ಅಮ್ಮ ಏಕೆ ಕೂಗುತ್ತಾಳೆ?' ಎಂಬುದು. ಅಚ್ಚಾಗಿರುವುದು 'ಮಗ್ಗದ ನಾದದಲ್ಲಿ ಮಿಂದ ತಾಯಿ'. ನೇಯ್ಗೆ ಶೆಡ್ಡಿನ ಅಬ್ಬರ ಎಂದು ನಾನು ಬರೆದ ಕಡೆಯೆಲ್ಲ ನಾದ ಎಂದಿದೆ. ಅಮ್ಮನಿಗೆ ಮಗ್ಗ ಕಿವುಡು ತಂದಿತು ಎಂದು ಬರೆದಿದ್ದೆ. ಅಮ್ಮ ಮೌನಕ್ಕೆ ಒಲಿದಳಂತೆ. ಕಿವಿಗೆ ಮುಚ್ಚಿಕೊಳ್ಳಲು ಯಾರೂ ಏನೂ ಕೊಡದಿದ್ದಾಗ ಅವಳು ನೆಲದಲ್ಲಿ ಬಿದ್ದಿದ್ದ ಹತ್ತಿಯನ್ನು ಹೆಕ್ಕಿ ಕಿವಿಗೆ ತುರುಕಿಕೊಂಡಳು ಎಂದು ಬರೆದಿದ್ದೆ. ಅಚ್ಚಿನಲ್ಲಿ ಅವಳು 'ಆ ಹತ್ತಿಯನ್ನೇ ಕಿವಿಗಿಟ್ಟುಕೊಂಡು ತೃಪ್ತಳಾಗಿದ್ದಾಳೆ'. ಬಾಯಿಬಿಡಲು ಅಂಜಿದಳು ಎಂದಿದ್ದೆ. 'ಎಂದೂ ದೂರಲಿಲ್ಲ' ಎಂದಾಗಿದೆ. ಅಂಜಿಕೆ ಎಷ್ಟು ಸುಲಭವಾಗಿ ಸದ್ಗುಣವಾಯಿತು!

ಈ ವಿದ್ಯೆಯನ್ನು ನನಗೆ ಕಲಿಸಿದವರು ನೀವೇ. ಹತ್ತನೆಯ ತರಗತಿಯಲ್ಲಿ, ಬರೆಯುವವನ ಉದ್ದೇಶವನ್ನು ಅವನು ಹೇಳುವ ಸಂಗತಿಯಲ್ಲಿ ಹುಡುಕಬೇಡಿ, ಅವನ ದನಿಯಲ್ಲಿ, ಅವನು ಆರಿಸುವ ಪದದಲ್ಲಿ ಹುಡುಕಿ ಎಂದಿರಿ. ಒಬ್ಬ ಮನುಷ್ಯ ಮೆಟ್ಟಿಲಿಂದ ಜಾರಿ ಬಿದ್ದ ಪ್ರಸಂಗವನ್ನು ದೂರಾಗಿ, ತಮಾಷೆಯಾಗಿ, ಹೊಗಳಿಕೆಯಾಗಿ ಬರೆಯಲು ಹೇಳಿದಿರಿ. ಮೂರನ್ನೂ ಮುಗಿಸಿದವಳು ನಾನೊಬ್ಬಳೇ. ಬಿದ್ದವನನ್ನು ಹೊಗಳುವುದೇ ಎಲ್ಲಕ್ಕಿಂತ ಕಷ್ಟ ಎಂದು ನೀವು ನಕ್ಕಿದ್ದು ನೆನಪಿದೆ. ಬಿದ್ದವಳು ನನ್ನ ಅಮ್ಮನಾದಾಗ ನಿಮಗೆ ಅದು ಎಷ್ಟು ಸುಲಭವಾಯಿತು ಎಂದು ನೋಡಿ ಬೆರಗಾದೆ.

ಮೂಲ ಪ್ರತಿ ನಿಮ್ಮ ಬಳಿ ಇದೆ. ಪ್ರತ್ಯೇಕ ಹಾಳೆಯಲ್ಲಿ ಅಚ್ಚು ಮಾಡಿಸಿ ಸಂಚಿಕೆಯೊಳಗೆ ಇಡಿಸಿ. ನನ್ನ ಕೋರಿಕೆ ಇಷ್ಟೇ.

ಇತಿ,
ನಿಮ್ಮ ತರಗತಿಯಲ್ಲಿ ಎಂದೂ ಎರಡನೆಯವಳಾಗದ
ವಿದ್ಯಾರ್ಥಿನಿ


ಜೂನ್ 21

ಚಿರಂಜೀವಿ ಪಂಡಿತೆಗೆ ಆಶೀರ್ವಾದಗಳು.

ನಿನ್ನ ಪತ್ರ ಓದಿ ನನಗೆ ಸಿಟ್ಟು ಬರಲಿಲ್ಲ, ಹೆಮ್ಮೆಯಾಯಿತು. ಇಷ್ಟು ಬಿಗಿಯಾದ ವಾಕ್ಯಗಳನ್ನು ಬರೆಯುವ ಹುಡುಗಿ ನನ್ನ ಕೈಕೆಳಗೆ ಬೆಳೆದಳು ಎಂಬ ಹೆಮ್ಮೆ. ಆದರೂ ಮಗು, ಸ್ವಲ್ಪ ಸಮಾಧಾನದಿಂದ ಕೇಳು.

ನಿನ್ನ ಪ್ರಬಂಧದಲ್ಲಿ ಒಂದು ಸಂಗತಿಯೂ ಬದಲಾಗಿಲ್ಲ. ನಿನ್ನ ತಾಯಿ ಮಗ್ಗದಲ್ಲಿ ದುಡಿದಳು, ಹೌದು. ಅವಳಿಗೆ ಕೇಳುವುದು ಕಡಿಮೆಯಾಯಿತು, ಹೌದು. ಕಿವಿಯಲ್ಲಿ ಹತ್ತಿ ಇಟ್ಟುಕೊಂಡಳು, ಹೌದು. ಎಲ್ಲವೂ ಅಚ್ಚಿನಲ್ಲಿದೆ. ಒಂದೆರಡು ಮಾತು ಸ್ಥಳಾಭಾವದಿಂದ ಬಿಟ್ಟುಹೋಗಿರಬಹುದು. ನಾನು ಮುಟ್ಟಿದ್ದು ದನಿಯನ್ನು ಮಾತ್ರ. ಸಂಭ್ರಮದ ಸಂಚಿಕೆಯಲ್ಲಿ ಕಟುವಾದ ಪದ ಮದುವೆ ಮನೆಯಲ್ಲಿ ಅತ್ತ ಹಾಗೆ. ಅದು ಸತ್ಯವೋ ಸುಳ್ಳೋ ಎಂಬುದಲ್ಲ, ಸಂದರ್ಭ ಯಾವುದು ಎಂಬುದು ಪ್ರಶ್ನೆ.

ನಿನ್ನ ತಾಯಿಗೆ ಸಂಚಿಕೆಯನ್ನು ನಾನೇ ಕೈಯಾರೆ ಕೊಟ್ಟೆ. ಶೆಡ್ಡಿನ ಬಾಗಿಲಲ್ಲೇ ನಿಂತು ಓದಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮೇಷ್ಟ್ರೇ, ನನ್ನನ್ನ ಇಷ್ಟು ದೊಡ್ಡೋಳು ಮಾಡಿದಾಳಲ್ಲ ನನ್ನ ಮಗಳು" ಎಂದಳು. ಅಂಗಳದ ಆಚೆಗೂ ಕೇಳಿಸುವ ಹಾಗೆ ಎಂದಳು, ಅದು ನಿನಗೆ ಗೊತ್ತೇ ಇದೆ. ಆ ಸಂತೋಷವನ್ನು ಅವಳಿಂದ ಕಸಿಯಬೇಕೆಂದಿದ್ದೀಯಾ?

ಇನ್ನೊಂದು ಶುಭ ಸಮಾಚಾರ. ಸೆಪ್ಟೆಂಬರಿನ ವಾರ್ಷಿಕೋತ್ಸವದಲ್ಲಿ ಈ ಪ್ರಬಂಧವನ್ನು ನೀನೇ ವೇದಿಕೆಯ ಮೇಲೆ ಓದಬೇಕೆಂದು ವ್ಯವಸ್ಥಾಪಕರ ಇಚ್ಛೆ. ಹೋಗಿಬರಲು ಕಾರು ಕಳಿಸುತ್ತಾರೆ. ನಿನ್ನ ಮುಂದಿನ ಓದಿಗೆ ಅವರ ಒಂದು ಶಿಫಾರಸು ಎಷ್ಟು ಭಾರದ್ದೆಂದು ನಾನು ಬೇರೆ ಹೇಳಬೇಕಾಗಿಲ್ಲ.

ಇತಿ, ಶುಭ ಹಾರೈಸುವ
ನಿನ್ನ ಗುರು


ಜುಲೈ 2

ಪುಟ್ಟಿ,

ಮೊನ್ನೆ ಫೋನು ಮಾಡಿದ್ದೆಯಂತೆ, ಪಕ್ಕದ ಮನೆಯೋಳು ಬಂದು ಕೈಬಾಯಿ ತಿರುಗಿಸಿ ಹೇಳಿದ್ಲು. ಮಾಡಿ ಏನುಪಯೋಗ? ನಾನು ಹಲೋ ಹಲೋ ಅಂತ ಬೀದಿಗೆಲ್ಲ ಕೇಳೋ ಹಾಗೆ ಕಿರುಚೋದು, ನೀನು ಅಲ್ಲಿ ಫೋನನ್ನ ಕಿವಿಯಿಂದ ಮೊಳದಷ್ಟು ದೂರ ಹಿಡಿಯೋದು. ಬರಿ. ಬರೆದ್ರೆ ನೀನು ಕೂಗಾಡೋದೂ ನಂಗೆ ಚೆನ್ನಾಗಿ ಕೇಳತ್ತೆ. ಆದ್ರೆ ನಿನ್ನ ಕಾಗದ ಬಂದ್ರೆ ಕೂತು ಓದೋಕೆ ಭಯ ಆಗತ್ತೆ ಕಣೇ, ಎದ್ದು ನಿಂತ್ಕೋಬೇಕು ಅನ್ಸತ್ತೆ. ಯಾವ ಜಡ್ಜು ಬರ್ದಿದಾರೋ ಅನ್ನೋ ಹಾಗಿರತ್ತೆ.

ನೀನು ಮೊದಲು ಬರ್ದಿದ್ದರ ನಕಲು ಕಳಿಸಿದ್ಯಲ್ಲ, ಅದನ್ನ ಓದಿದೆ. ಮೇಷ್ಟ್ರು ಅಚ್ಚು ಹಾಕಿಸಿದ್ದನ್ನೂ ಓದಿದೆ. ನಿಜ ಹೇಳ್ಲಾ? ಬೇಜಾರು ಮಾಡ್ಕೋಬೇಡ. ನಿನ್ನದ್ರಲ್ಲಿ ನಾನು ಆಸ್ಪತ್ರೆ ಮಂಚದ ಮೇಲೆ ಮಲಗಿರೋ ಹಾಗಿದೀನಿ. ಅವರದ್ರಲ್ಲಿ ಸಿಂಹಾಸನದ ಮೇಲೆ. ಯಾರು ತಾನೇ ಮಂಚ ಬೇಕು ಅಂತಾರೆ? ಆ ಬಸ್ಸಿನ ವಿಷಯನೂ ಬರೀಬೇಕಿತ್ತಾ ನೀನು? ನಾನೇನೋ ನಿನ್ನ ಕಿವೀಲಿ ಗುಟ್ಟಾಗಿ ಹೇಳಿದೀನಿ ಅಂದ್ಕೊಂಡು, ಮುಂದಿನ ಸೀಟಿನೋನಿಗೆ ಕೂದಲೇ ಇಲ್ಲ, ಜೇಬಲ್ಲಿ ಬಾಚಣಿಗೆ ಬೇರೆ ಅಂದೆ. ಬಸ್ಸಿಗೆ ಬಸ್ಸೇ ನಕ್ತು. ಅವನು ತಿರುಗಿ ನೋಡಿದ ನೋಟ ಇನ್ನೂ ಮರೆತಿಲ್ಲ. ಅದನ್ನ ಮರೆಯೋಣ ಅಂದ್ರೆ ನೀನು ಪ್ರಬಂಧ ಬರ್ದೆ.

ಮೇಷ್ಟ್ರ ಪುಟಕ್ಕೆ ಗಾಜು ಹಾಕ್ಸಿ ಗೋಡೆಗೆ ತೂಗುಹಾಕಿದೀನಿ. ದಪ್ಪಕ್ಕ ಬಂದು ನೋಡಿದ್ಲು. ನನ್ನ ಪಕ್ಕದ ಮಗ್ಗದೋಳು ಗೊತ್ತಲ್ಲ, ಅವಳೇ. "ನಾವೂ ಅಷ್ಟೇ ಕಿವುಡಾಗಿದೀವಿ, ನಮ್ಮ ಮಕ್ಕಳು ಒಂದು ಚೀಟಿನೂ ಬರೀಲಿಲ್ಲ" ಅಂದ್ಲು. ನಂಗೆ ಎಷ್ಟು ಹೆಮ್ಮೆ ಆಯ್ತು ಅಂತ ನಿಂಗೆ ಗೊತ್ತಾಗಲ್ಲ.

ಶೆಡ್ಡಿನ ಸುದ್ದಿ: ನಾವು ಹೆಂಗಸರೆಲ್ಲ ಸೇರಿ ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟಿದೀವಿ. ಎಲ್ಲರ ಕಿವಿ ಪರೀಕ್ಷೆ ಮಾಡಿಸ್ಬೇಕು, ಕಿವಿಗೆ ಮುಚ್ಚಿಗೆ ಕೊಡ್ಬೇಕು, ಪೂರ್ತಿ ಹೋದೋರಿಗೆ ಪರಿಹಾರ ಕೊಡ್ಬೇಕು ಅಂತ. ಮೊದಲನೇ ರುಜು ನಂದೇ. ವಾರ್ಷಿಕೋತ್ಸವ ಆದ್ಮೇಲೆ ಅಧಿಕಾರಿ ಬರ್ತಾರಂತೆ.

ಗಾಜಿನ ರೂಮಿನ ಸೀರಿಯಲ್ ಚೆನ್ನಾಗಿ ನಡೀತಿದೆ. ನಮ್ಮ ವ್ಯವಸ್ಥಾಪಕ ಗೂಬೆ ಸಾಹೇಬ್ರಿಗೂ ಹೆಂಡ್ತಿಗೂ ಮತ್ತೆ ಜಗಳ. ನಿನ್ನೆ ಫೋನಲ್ಲಿ ಎಷ್ಟು ಸಲ "ತಪ್ಪಾಯ್ತು ಕಣೆ" ಅಂದ್ರೋ! ದಪ್ಪಕ್ಕ ನಗೋಕೆ ಹೋಗಿ ಎಳೆ ಕಡಿದ್ಲು. ನಮ್ಮ ಗಲಾಟೆ ಒಳಗೆ ಕೇಳ್ಬಾರ್ದು ಅಂತ ಗಾಜು ಹಾಕ್ಸಿದಾರೆ ಆ ವ್ಯವಸ್ಥಾಪಕರು. ಮಗ್ಗದ ಹೆಂಗಸರು ತುಟಿ ನೋಡಿಕೊಂಡೇ ಸಂಸಾರ ಮಾಡ್ತಾರೆ, ಅಷ್ಟು ದೂರದ ತುಟಿನೂ ಓದ್ತಾರೆ ಅಂತ ಆ ಮನುಷ್ಯನಿಗೆ ಇವತ್ತಿನವರೆಗೂ ಹೊಳೆದಿಲ್ಲ.

ಸೆಪ್ಟೆಂಬರಲ್ಲಿ ಬಾ. ಒಳ್ಳೆ ಬಟ್ಟೆ ಹಾಕ್ಕೊಂಡು ವೇದಿಕೆ ಮೇಲೆ ನಿಂತು ಓದು. ನಂಗೆ ಕೇಳ್ದಿದ್ರೂ ಮುಂದಿನ ಸಾಲಲ್ಲಿ ಕೂತು ನಿನ್ನ ತುಟಿ ನೋಡ್ತೀನಿ.

ಇಂತಿ,
ಅಮ್ಮ


ಜುಲೈ 14

ಅಮ್ಮ,

ನಿನ್ನ ಪತ್ರವನ್ನು ಗ್ರಂಥಾಲಯದ ಮೂಲೆಯ ಮೇಜಿನಲ್ಲಿ ಕುಳಿತು ಓದಿದೆ. ನೀನು ಮಂಚ ಮತ್ತು ಸಿಂಹಾಸನ ಎಂದದ್ದು ನನಗೆ ನಾಟಿತು. ಆದರೂ ನಾನು ಸೋಲುವುದಿಲ್ಲ. ಸೋಲಲು ನೀನೇ ಕಲಿಸಲಿಲ್ಲ.

ಒಂದು ಮಾತು ಯೋಚಿಸು. ಮಗುವಿನ ಕೈಯಿಂದ ಯಾರೋ ಆಟಿಕೆಯನ್ನು ಕಿತ್ತುಕೊಂಡರು. ಕಿತ್ತುಕೊಂಡವನೇ ಮನೆಗೆ ಬಂದು, "ನಿಮ್ಮ ಮಗು ಎಂಥ ಉದಾರಿ! ಕೇಳುವ ಮೊದಲೇ ಕೊಟ್ಟುಬಿಟ್ಟಿತು" ಎಂದರೆ ನೀನು ಅವನಿಗೆ ಕುಡಿಯಲು ನೀರು ಕೊಡುತ್ತೀಯಾ? ಆಟಿಕೆ ಮಗುವಿನ ಕೈಯಿಂದ ಹೋಯಿತು, ಅವನ ಕೈಗೆ ಬಂತು. ಸಂಗತಿ ಒಂದೇ. ಕಿತ್ತುಕೊಂಡ ಎಂಬಲ್ಲಿ ಕೊಟ್ಟಿತು ಎಂದದ್ದು ಬಿಟ್ಟರೆ ಮತ್ತೇನೂ ಆಗಿಲ್ಲ. ಅಷ್ಟರಲ್ಲೇ ಕಳ್ಳ ಅತಿಥಿಯಾದ.

ಮೇಷ್ಟ್ರ ಪುಟದಲ್ಲಿ ನಿನ್ನನ್ನು ಏರಿಸಿರುವುದು ನಿನ್ನ ಮೇಲಿನ ಗೌರವದಿಂದಲ್ಲ. ಸಿಂಹಾಸನದ ಮೇಲೆ ಕೂತವರು ಪರಿಹಾರ ಕೇಳುವುದಿಲ್ಲ ಎಂಬ ಲೆಕ್ಕಾಚಾರದಿಂದ. ತಾನಾಗಿ ಕಿವಿಯನ್ನು ಅರ್ಪಿಸಿದವಳಿಗೆ ಯಾರು ಏನು ಕೊಡಬೇಕು? ಒಂದು ನಮಸ್ಕಾರ, ಒಂದು ಹಾರ, ಮುಗಿಯಿತು. ಕಿವಿಯನ್ನು ಕಳೆದುಕೊಂಡವಳಾದರೆ ಕಳೆದವರು ಯಾರು ಎಂಬ ಪ್ರಶ್ನೆ ಹುಟ್ಟುತ್ತದೆ. ಆ ಪ್ರಶ್ನೆ ಹುಟ್ಟಲೆಂದೇ ನಾನು ಬರೆದೆ. ಅದು ಹುಟ್ಟದ ಹಾಗೆ ಅವರು ತಿದ್ದಿದರು.

ಬಸ್ಸಿನ ಪ್ರಸಂಗ ಬರೆದದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಆ ದಿನ ನಕ್ಕವರಲ್ಲಿ ಒಬ್ಬರಿಗೂ ನಿನ್ನ ಧ್ವನಿಯನ್ನು ಹೀಗೆ ಮಾಡಿದ್ದು ಯಾವುದು ಎಂದು ಗೊತ್ತಿರಲಿಲ್ಲ. ನೀನು ಒರಟು ಹೆಂಗಸು ಎಂದುಕೊಂಡು ಇಳಿದುಹೋದರು. ಮನೆಯಲ್ಲಿ ನೀನು "ಊಟಕ್ಕೆ ಬಾರೇ" ಎಂದರೆ ಜಗಳಕ್ಕೆ ಕರೆದಂತೆ ಕೇಳಿಸುತ್ತಿತ್ತು. ಅದರ ಒಳಗೆ ಏನಿದೆಯೆಂದು ನನಗೆ ಗೊತ್ತಿತ್ತು, ಬೀದಿಗೆ ಗೊತ್ತಿರಲಿಲ್ಲ. ನಾನು ಬರೆದದ್ದು ಬೀದಿಗಾಗಿ. ಅಲ್ಲಿ ಮೃದುವಾದ ಪದ ಹಾಕಿದ್ದರೆ ನಿನಗೆ ಹಿತವಾಗುತ್ತಿತ್ತು, ಬೀದಿಗೂ ಹಿತವಾಗುತ್ತಿತ್ತು, ನಾಳೆ ದಪ್ಪಕ್ಕನ ಮಗಳು ಅದೇ ಶೆಡ್ಡಿಗೆ ನೆಲದ ಹತ್ತಿ ಹೆಕ್ಕಲು ಹೋಗುತ್ತಿದ್ದಳು.

ಸೆಪ್ಟೆಂಬರಿನಲ್ಲಿ ನಿನ್ನನ್ನು ನೋಡಲು ಬರುತ್ತೇನೆ. ಓದುವ ವಿಷಯ ಈಗ ಬೇಡ. ಅರ್ಜಿಗೆ ಏನಾಯಿತೆಂದು ತಪ್ಪದೆ ಬರೆ. ಹಾಗೂ, ಆ ಗಾಜಿನ ಚೌಕಟ್ಟಿಗೆ ಖರ್ಚು ಮಾಡುವ ಮೊದಲು ನನ್ನನ್ನೊಂದು ಮಾತು ಕೇಳಬೇಕಿತ್ತು.

ಇತಿ ನಿನ್ನ
ಜಡ್ಜು


ಆಗಸ್ಟ್ 9

ಪುಟ್ಟಿ,

ಒಂದು ತಿಂಗಳಿಂದ ನಿಂಗೆ ಬರೀಲಿಲ್ಲ. ನಿನ್ನ ಆಟಿಕೆ ಕಥೆ ಓದಿ ಮೈಯೆಲ್ಲ ಉರೀತು, ಅದಕ್ಕೇ ಬರೀಲಿಲ್ಲ. ಸಿಂಹಾಸನದ ಮೇಲೆ ಎರಡು ದಿನ ಕೂರೋಕೂ ಬಿಡಲ್ವಲ್ಲ ಇವಳು ಅಂತ. ಇವತ್ತು ಬರೀಲೇಬೇಕಾಗಿದೆ.

ಬೆಳಿಗ್ಗೆ ಗಾಜಿನ ರೂಮಿಗೆ ಮೇಷ್ಟ್ರು ಬಂದ್ರು. ವ್ಯವಸ್ಥಾಪಕರು ಇದ್ರು, ಗಿರಣಿ ವಕೀಲರು ಇದ್ರು. ನನ್ನ ಮಗ್ಗ ಎದುರಿಗೇ ಅಲ್ವಾ. ಮೇಷ್ಟ್ರನ್ನ ನೋಡಿ ನಾನು ಕೈಯೆತ್ತಿದೆ, ಅವರು ಈ ಕಡೆ ನೋಡ್ಲಿಲ್ಲ. ವಕೀಲರು ಮೇಜಿನ ಮೇಲೆ ಸಂಚಿಕೆ ಬಿಚ್ಚಿಟ್ಟು ಬೆರಳಲ್ಲಿ ಕುಟ್ಟುತ್ತಾ ಮಾತಾಡಿದ್ರು. ಅವರದು ದೊಡ್ಡ ಬಾಯಿ, ಮೀಸೆ ಇಲ್ಲ, ಓದೋಕೆ ಬಲು ಸಲೀಸು. ನಾನು ಕಂಡಿದ್ದನ್ನ ಕಂಡ ಹಾಗೇ ಬರೀತೀನಿ.

"ಸ್ವಂತ ಮಗಳೇ ಬರ್ದಿದಾಳಲ್ರೀ, ತಾಯಿ ತೃಪ್ತಿಯಾಗಿದಾಳೆ, ಯಾವತ್ತೂ ದೂರಲಿಲ್ಲ ಅಂತ. ಅಧಿಕಾರಿ ಮುಂದೆ ಇದನ್ನೇ ಇಡೋಣ. ಅರ್ಜಿಗೆ ಮೊದಲ ರುಜು ಹಾಕಿರೋಳೇ ತೃಪ್ತಳಾಗಿದ್ರೆ ಉಳಿದೋರದ್ದು ಏನು?"

ವ್ಯವಸ್ಥಾಪಕರು ಕೇಳಿದ್ರು, "ಆ ಹುಡುಗಿ ನಾಳೆ ಇಲ್ಲ ಅಂದ್ರೆ?"

ವಕೀಲರು ನಕ್ಕರು. "ಅದಕ್ಕೇ ವೇದಿಕೆ ಮೇಲೆ ಓದಿಸೋದು. ಐನೂರು ಜನರ ಮುಂದೆ ಓದಿದ್ಮೇಲೆ ಯಾವ ಬಾಯಲ್ಲಿ ಇಲ್ಲ ಅಂತಾಳೆ? ಏನು ಮೇಷ್ಟ್ರೇ, ಓದಿಸ್ತೀರಲ್ಲ?"

ಮೇಷ್ಟ್ರು ನಂಗೆ ಬೆನ್ನು ಹಾಕಿ ನಿಂತಿದ್ರು. ಏನಂದ್ರೋ ಕಾಣ್ಲಿಲ್ಲ. ಅವರ ತಲೆನೂ ಅಲ್ಲಾಡ್ಲಿಲ್ಲ, ಹೂಂಗೂ ಇಲ್ಲ, ಊಹೂಂಗೂ ಇಲ್ಲ. ಕೈ ಮಾತ್ರ ಹಿಂದೆ ಕಟ್ಕೊಂಡಿದ್ರು, ಶಾಲೇಲಿ ನಿಮ್ಮ ಬೆಂಚುಗಳ ಮಧ್ಯೆ ಓಡಾಡ್ತಿದ್ರಲ್ಲ, ಹಾಗೆ.

ದಪ್ಪಕ್ಕನೂ ನೋಡಿದ್ಲು. ಆ ಸಾಲಿನ ಹೆಂಗಸರೆಲ್ಲ ನೋಡಿದ್ರು. ನೋಡಿ ನನ್ನ ಕಡೆ ತಿರುಗಿದ್ರು. ಯಾರೂ ತುಟಿ ಆಡಿಸ್ಲಿಲ್ಲ. ಆ ಶೆಡ್ಡಲ್ಲಿ ಅಷ್ಟು ವರ್ಷದಲ್ಲಿ ನಂಗೆ ಯಾವತ್ತೂ ಹಾಗೆ ನಿಶ್ಶಬ್ದ ಅನ್ಸಿರ್ಲಿಲ್ಲ.

ಗೋಡೆ ಮೇಲಿನ ಗಾಜಿನ ಕಟ್ಟು ಇನ್ನೂ ಅಲ್ಲೇ ಇದೆ. ತೆಗೀಬೇಕು ಅಂತ ಸ್ಟೂಲು ಹಾಕ್ಕೊಂಡೆ, ಕೈ ಬರ್ಲಿಲ್ಲ, ಇಳಿದೆ. ಒಲೆ ಮೇಲೆ ಹಾಲು ಇಟ್ಟಿದ್ದೆ, ಉಕ್ಕಿಹೋಯ್ತು.

ಇಂತಿ,
ಅಮ್ಮ


ಆಗಸ್ಟ್ 16

ಗುರುಗಳಿಗೆ,

ಪೂಜ್ಯ ಎಂಬ ಪದವನ್ನು ಈ ಬಾರಿ ಬಿಟ್ಟಿದ್ದೇನೆ. ಸ್ಥಳಾಭಾವ ಕಾರಣವಲ್ಲ.

ಆಗಸ್ಟ್ ಒಂಬತ್ತರ ಬೆಳಿಗ್ಗೆ ಗಾಜಿನ ಕೋಣೆಯಲ್ಲಿ ವಕೀಲರು ನಿಮ್ಮನ್ನು ಒಂದು ಪ್ರಶ್ನೆ ಕೇಳಿದರು. ಅವರ ಪ್ರಶ್ನೆ ಏನೆಂದು ನನಗೆ ಗೊತ್ತು. ನೀವು ಕೊಟ್ಟ ಉತ್ತರ ಗೊತ್ತಿಲ್ಲ, ಏಕೆಂದರೆ ನೀವು ಶೆಡ್ಡಿಗೆ ಬೆನ್ನು ಹಾಕಿ ನಿಂತಿದ್ದಿರಿ. ಗಾಜು ಸದ್ದನ್ನು ತಡೆಯುತ್ತದೆ, ನೋಟವನ್ನು ತಡೆಯುವುದಿಲ್ಲ. ಮಗ್ಗಗಳು ಯಾರ ಕಿವಿಗಳನ್ನು ತಿಂದವೋ ಅವರ ಕಣ್ಣುಗಳು ಎರಡರ ಕೆಲಸವನ್ನೂ ಮಾಡುತ್ತವೆ. ಇದನ್ನು ನೀವು ಊಹಿಸಲಿಲ್ಲ. ನನ್ನ ಮೂಲ ಪ್ರಬಂಧದ ಮೂರನೆಯ ಪುಟದಲ್ಲಿ ಆ ತುಟಿಗಳ ಭಾಷೆಯ ಬಗ್ಗೆ ಬರೆದಿದ್ದೆ. ಸಂಭ್ರಮಕ್ಕೆ ಒಗ್ಗದೆಂದು ಅದನ್ನು ನೀವು ತೆಗೆದಿರಿ. ತೆಗೆಯುವ ಮೊದಲು ಒಮ್ಮೆ ಗಮನವಿಟ್ಟು ಓದಬಹುದಿತ್ತು.

ನೀವು ಮುಟ್ಟಿದ್ದು ದನಿಯನ್ನು ಮಾತ್ರ ಎಂದು ಬರೆದಿರಿ. ದನಿ ಎಂದರೆ ಮಾತಿನ ಮೇಲೆ ಹೊದಿಸುವ ಶಾಲು, ತೆಗೆದರೂ ಹಾಕಿದರೂ ಒಳಗಿನ ಮೈ ಅದೇ ಎಂಬಂತೆ. ನೀವು ಕಲಿಸಿದ್ದು ಇದಲ್ಲ. ದನಿಯೇ ಬರಹದ ದಿಕ್ಕು ಎಂದು ನೀವು ಕಲಿಸಿದಿರಿ. ನಿಮ್ಮ ಮಾತನ್ನೇ ಒಪ್ಪಿದರೂ, ರೈಲಿನ ಒಂದು ಬೋಗಿಯನ್ನೂ ಬದಲಿಸದೆ, ಒಬ್ಬ ಪ್ರಯಾಣಿಕನನ್ನೂ ಇಳಿಸದೆ, ಹಳಿಯೊಂದನ್ನು ಸರಿಸಿದಿರಿ. ಈಗ ಅದು ನಾನು ಹೊರಟ ಊರಿಗೆ ಹೋಗುತ್ತಿಲ್ಲ, ನನ್ನ ಅಮ್ಮನ ಮೇಲೆ ಹಾಯಲು ಬರುತ್ತಿದೆ. ಎಲ್ಲ ಬೋಗಿಗಳೂ ಇವೆಯಲ್ಲ ಎಂದು ನನಗೆ ತೋರಿಸುತ್ತೀರಿ!

ನೀವು ಮೊದಲೇ ಬಲ್ಲಿರೋ, ಆಮೇಲೆ ತಿಳಿಯಿತೋ ನನಗೆ ಗೊತ್ತಿಲ್ಲ. ತೃಪ್ತಳಾಗಿದ್ದಾಳೆ ಎಂಬ ಪದವನ್ನು ಬರೆದಾಗ ನಿಮ್ಮ ಮುಂದೆ ಯಾರಿದ್ದರು? ನನ್ನ ಅಮ್ಮನಿದ್ದಳೇ? ನೀವು ಕೇಳಿದ್ದಿರೇ ಅವಳನ್ನು, ತೃಪ್ತಿಯಾಗಿದೆಯೇ ತಾಯಿ ಎಂದು? ಕೇಳಿದ್ದರೆ ಜೋರಾಗಿ ಕೇಳಬೇಕಾಗಿತ್ತು. ಅಂಗಳದ ಆಚೆಗೂ ಅದು ಕೇಳಿಸಬೇಕಾಗಿತ್ತು. ಆ ಪದ ಅವಳ ಬಾಯಿಯಿಂದ ಬಂದದ್ದಲ್ಲ, ನನ್ನ ಲೇಖನಿಯಿಂದ ಬಂದದ್ದಲ್ಲ. ನನ್ನ ಹೆಸರನ್ನು ಅದರ ಕೆಳಗೆ ಹಾಕಿ ಅವಳ ಮೇಲೆ ಸಾಕ್ಷಿ ಹೇಳಿಸಲು ಹೊರಟಿದ್ದೀರಿ.

ಎರಡು ವಿಷಯ ತಿಳಿಸುತ್ತೇನೆ. ವಾರ್ಷಿಕೋತ್ಸವದಲ್ಲಿ ನಾನು ಓದುವುದಿಲ್ಲ. ಓದಿದರೆ ಪ್ರತಿ ಪದಕ್ಕೂ ನನ್ನ ಉಸಿರು ತಗಲುತ್ತದೆ, ಮುಂದಿನ ಸಾಲಿನಲ್ಲಿ ಕೂತವಳು ನನ್ನ ತುಟಿಯಿಂದ ಆ ಪದಗಳನ್ನು ಓದಿಕೊಳ್ಳುತ್ತಾಳೆ. ಅದನ್ನು ನಾನು ಸಹಿಸಲಾರೆ. ಇನ್ನೊಂದು, ನನ್ನ ಪ್ರಬಂಧದ ಕರಡು ಪ್ರತಿಯನ್ನು ಅಚ್ಚಾದ ಪುಟಗಳ ಜೊತೆಗಿಟ್ಟು, ಯಾವ ಪದ ನನ್ನದು, ಯಾವುದು ನನ್ನದಲ್ಲ ಎಂದು ಗುರುತು ಮಾಡಿ, ಒಂದು ಹೇಳಿಕೆಯೊಡನೆ ಕಾರ್ಮಿಕ ಇಲಾಖೆಯ ಅಧಿಕಾರಿಗೆ ನಿನ್ನೆ ನೋಂದಾಯಿತ ಅಂಚೆಯಲ್ಲಿ ಕಳಿಸಿದ್ದೇನೆ.

ವಕೀಲರ ಪ್ರಶ್ನೆಗೆ ನೀವು ಏನೆಂದಿರಿ?

ಇತಿ,
ನೀವು ಓದಲು ಕಲಿಸಿದವಳು


ಸೆಪ್ಟೆಂಬರ್ 1

ಮಗು,

ಈ ಪತ್ರವನ್ನು ಮೂರು ಸಲ ಬರೆದು ಹರಿದೆ. ನಿನಗೆ ಬರೆಯಲು ನನಗೆ ಹೆದರಿಕೆಯಾಗುತ್ತದೆ. ಯಾವ ಪದ ಹಾಕಿದರೂ ನೀನು ಅದನ್ನು ಬೆಳಕಿಗೆ ಹಿಡಿದು ನೋಡುತ್ತೀಯ.

ನಾನು ಏನೆಂದೆ ಎಂದು ಕೇಳಿದ್ದೀಯ. ಏನೂ ಅನ್ನಲಿಲ್ಲ. ಅವರು ಅದನ್ನು ಒಪ್ಪಿಗೆ ಎಂದು ತೆಗೆದುಕೊಂಡರು. ಹಾಗೆ ತೆಗೆದುಕೊಳ್ಳಲಿ ಎಂದೇ ನಾನು ಸುಮ್ಮನಿದ್ದೆನೇನೋ.

ಅಚ್ಚಿಗೆ ಕೊಡುವಾಗ ಅರ್ಜಿಯ ವಿಷಯ ನನಗೆ ತಿಳಿದಿರಲಿಲ್ಲ. ಸಂಚಿಕೆ ಚೆನ್ನಾಗಿ ಬರಲಿ ಎಂದಷ್ಟೇ ಇತ್ತು. ನಮ್ಮ ಶಾಲೆ ನಡೆಯುವುದು ಗಿರಣಿಯ ಧರ್ಮದಿಂದ, ನಿನಗೆ ಗೊತ್ತಿದೆ. ನೀನು ಕೂತ ಬೆಂಚು, ನೀನು ಬಹುಮಾನವಾಗಿ ಪಡೆದ ನಿಘಂಟು, ಎಲ್ಲವೂ. ನನಗೆ ನಿವೃತ್ತಿಗೆ ಇನ್ನು ಸ್ವಲ್ಪವೇ ಸಮಯ ಉಳಿದಿದೆ. ನಿನ್ನ ಹೇಳಿಕೆ ಇಲಾಖೆ ತಲುಪಿದ ದಿನ ವ್ಯವಸ್ಥಾಪಕರು ನನ್ನನ್ನು ಕರೆಸಿದರು. ಕೂರಿ ಎನ್ನಲಿಲ್ಲ.

ಅವರು ಕೇಳುತ್ತಿರುವುದು ಒಂದೇ ಸಾಲು. 'ಅಚ್ಚಾದ ಪ್ರಬಂಧಕ್ಕೆ ನನ್ನ ಒಪ್ಪಿಗೆ ಇತ್ತು, ಹೇಳಿಕೆಯನ್ನು ಆವೇಶದಲ್ಲಿ ಕಳಿಸಿದ್ದೆ' ಎಂದು ನೀನು ಬರೆದುಕೊಟ್ಟರೆ ಸಾಕು. ನಿನ್ನ ತಾಯಿಯನ್ನು ಮಗ್ಗದಿಂದ ಬಿಡಿಸಿ ಬಟ್ಟೆ ಮಡಿಸುವ ಕೋಣೆಗೆ ಹಾಕುತ್ತಾರೆ. ಸಂಬಳ ಅದೇ, ಕೂತು ಮಾಡುವ ಕೆಲಸ, ಸದ್ದಿಲ್ಲ. ಅವಳಿಗೊಬ್ಬಳಿಗೇ ಈ ಅನುಕೂಲ. ಉಳಿದಿರುವಷ್ಟು ಕಿವಿಯಾದರೂ ಉಳಿಯುತ್ತದೆ. ಈಗಾಗಲೇ ಪರೀಕ್ಷಾರ್ಥವಾಗಿ ಅಲ್ಲಿಗೆ ಕಳಿಸಿದ್ದಾರೆ.

ಇದು ಸರಿ ಎಂದು ನಾನು ವಾದಿಸುತ್ತಿಲ್ಲ. ಬೇಡುತ್ತಿದ್ದೇನೆ. ನಿನ್ನ ತಾಯಿಗಾಗಿ ಮಾಡು ಎಂದು ಬರೆಯಬಹುದಿತ್ತು. ನನಗಾಗಿಯೂ ಎಂದು ಸೇರಿಸಿ ಬರೆಯುತ್ತಿದ್ದೇನೆ.

ಇತಿ,
ನಿನ್ನ ಮೇಷ್ಟ್ರು


ಸೆಪ್ಟೆಂಬರ್ 7

ಪುಟ್ಟಿ,

ಗಾಜಿನ ರೂಮಿಗೆ ಪರದೆ ಬಂತು. ನೀಲಿ ಬಣ್ಣದ್ದು, ನಮ್ಮ ಗಿರಣಿ ಬಟ್ಟೆನೇ. ಇದು ನಿನ್ನ ಕಾಗದದ ಪ್ರತಾಪ ಅಂತ ಎಲ್ರಿಗೂ ಗೊತ್ತಾಗಿದೆ. "ನಿನ್ನ ಮಗಳು ನಮ್ಮ ಸೀರಿಯಲ್ ನಿಲ್ಲಿಸಿಬಿಟ್ಲು, ಗೂಬೆ ಸಾಹೇಬ್ರ ಸಂಸಾರ ಸರಿಹೋಯ್ತೋ ಇಲ್ವೋ ಯಾರು ಹೇಳ್ತಾರೆ ಈಗ?" ಅಂತ ದಪ್ಪಕ್ಕ ಬೈದ್ಲು. ಬೈದು ನನ್ನ ಭುಜ ಹಿಡ್ಕೊಂಡು ತುಂಬಾ ಹೊತ್ತು ಬಿಡ್ಲಿಲ್ಲ.

ನನ್ನನ್ನ ಮಡಿಸೋ ಕೋಣೇಲಿ ಕೂರಿಸಿದಾರೆ. ಒಳ್ಳೆ ಜಾಗ. ಕಿಟಕಿ ಇದೆ, ಕುರ್ಚಿ ಇದೆ. ಕಾಲು ಊದ್ಕೊಳ್ಳಲ್ಲ. ಗೋಡೇಲಿ ದೊಡ್ಡ ಗಡಿಯಾರ ಇದೆ, ಅದು ಟಿಕ್ ಟಿಕ್ ಅನ್ನೋದು ತಲೆನೋವು ಅಂತಾಳೆ ಅಲ್ಲಿನ ಹುಡುಗಿ. ನಾನು ಹತ್ತಿರ ಹೋಗಿ ನಿಂತೆ. ಕಿವಿನ ಗೋಡೆಗೆ ಇಟ್ಟೆ. ಏನೂ ಕೇಳ್ಲಿಲ್ಲ ಪುಟ್ಟಿ.

ಮಧ್ಯಾಹ್ನ ಊಟಕ್ಕೆ ಶೆಡ್ಡಿನೋರ ಜೊತೆನೇ ಕೂತ್ಕೊಂಡೆ. ಜಾಗ ಬಿಟ್ಟು ಕೊಟ್ರು. ಯಾರೂ ಏನೂ ಕೇಳ್ಲಿಲ್ಲ. ಕೇಳಿದ್ರೆ ಚೆನ್ನಾಗಿತ್ತು.

ಮೇಷ್ಟ್ರು ಮನೆಗೂ ಬಂದಿದ್ರು. ಬಾಗಿಲಲ್ಲೇ ನಿಂತು, ನಂಗೆ ಕಾಣೋ ಹಾಗೆ ನಿಧಾನವಾಗಿ ತುಟಿ ಆಡಿಸಿ, ಮಗಳಿಗೆ ಒಂದು ಮಾತು ಹೇಳಿ ಅಂದ್ರು. ನಾನು ಹೂಂ ಅನ್ಲಿಲ್ಲ. ವಯಸ್ಸಾಗಿಬಿಟ್ಟಿದೆ ಅವರಿಗೆ.

ನೀನು ಏನು ಬರೀಬೇಕೋ ಬರಿ. ಆದ್ರೆ ಈ ವಿಷಯದಲ್ಲಿ ನಿನ್ನ ಅಮ್ಮನ್ನ ಮಧ್ಯೆ ತರ್ಬೇಡ. ನನಗೋಸ್ಕರ ಅಂತ ಒಪ್ಕೋಬೇಡ. ನನಗೋಸ್ಕರ ಅಂತ ಒಲ್ಲೆ ಅನ್ನೋದೂ ಬೇಡ. ನಿಮ್ಮಿಬ್ಬರ ಕಾಗದದಲ್ಲಿ ನಾನು ಸಾಕಷ್ಟು ದಿನ ಇದ್ದೆ.

ಕಟ್ಟು ಇಳಿಸಿದೆ. ಗೋಡೆ ಅಲ್ಲಿ ಮಾತ್ರ ಬೆಳ್ಳಗಿದೆ.

ಇಂತಿ,
ಅಮ್ಮ


ಸೆಪ್ಟೆಂಬರ್ 10

ಗುರುಗಳಿಗೆ,

ಆ ಸಾಲನ್ನು ನಾನು ಬರೆದುಕೊಡುವುದಿಲ್ಲ.

ಇತಿ,
ಪ್ರಬಂಧ ಬರೆದವಳು